ರಾತ್ರಿ ಸಂಶೋಧಕರ ಕೈಪಿಡಿ: ಪ್ಲಾಸ್ಟಿಕ್ ಬಾಟಲಿ ಮಾದರಿ

ಈ ಕೈಪಿಡಿಯನ್ನು ಬಳಸುವ ಮೊದಲು ಪೂರ್ತಿ ಓದಿ, ಮುಂದೆ ಬೇಕಾದಾಗ ಸಿಗುವಂತೆ ಜೋಪಾನವಾಗಿ ಇಟ್ಟುಕೊಳ್ಳಿ. ಓದದೆಯೇ ಮೊಬೈಲು ಹಿಡಿದು ಕೂತು, ನಡುರಾತ್ರಿ ಅಟ್ಟದ ಮೇಲಿನ ಡಬ್ಬ ಬಾಟಲಿಗಳನ್ನೆಲ್ಲ ದಡಬಡ ಇಳಿಸಿ ಮನೆಯವರ ನಿದ್ದೆ ಕೆಡಿಸಿದರೆ ಅದಕ್ಕೆ ನಾವು ಹೊಣೆಯಲ್ಲ.

ಯಾರು ಬಳಸಬಹುದು

ಕ್ಯಾನ್ ನೀರು ತರಿಸುವವರು, ಮಗುವಿನ ಹಾಲಿನ ಬಾಟಲಿ ಕುದಿಸುವವರು, ಅರ್ಧ ಕುಡಿದ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತವರು, ಮತ್ತು ಬೆಳಿಗ್ಗೆ ಐದಕ್ಕೇ ಎದ್ದು ಆರೋಗ್ಯದ ಸಂದೇಶ ಕಳಿಸುವ ಚಿಕ್ಕಪ್ಪ ಇರುವವರು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರ ಕೈಯಲ್ಲಿ ಈ ಉಪಕರಣ ಸರಿಯಾಗಿ ಓಡುವುದಿಲ್ಲ. ಅವರು ‘ಅದೆಲ್ಲ ಎಷ್ಟು ಪ್ರಮಾಣ ಅನ್ನೋದರ ಮೇಲೆ ಹೋಗುತ್ತೆ ಕಣ್ರೀ’ ಎಂದು ಆಕಳಿಸಿ ಮಲಗಿಬಿಡುತ್ತಾರೆ.

ಚಾಲೂ ಮಾಡುವುದು

ರಾತ್ರಿ ಹನ್ನೊಂದಾಗಲಿ. ದೀಪ ಆರಿಸಿ. ಹುಡುಕುವ ಪಟ್ಟಿಯಲ್ಲಿ ಮೊದಲು ಏನು ಟೈಪ್ ಮಾಡುತ್ತೀರೋ ಅದರ ಮೇಲೆ ನಿಮ್ಮ ಇಡೀ ರಾತ್ರಿ ನಿಂತಿದೆ. ‘ಪ್ಲಾಸ್ಟಿಕ್ ಬಾಟಲಿ ಕ್ಯಾನ್ಸರ್’ ಎಂದು ಹಾಕಿದರೆ ಕ್ಯಾನ್ಸರ್ ಬರುತ್ತದೆ, ಪರದೆಯ ಮೇಲೆ. ‘ಪ್ಲಾಸ್ಟಿಕ್ ಬಾಟಲಿ ಭಯ ಸುಳ್ಳು’ ಎಂದು ಹಾಕಿದರೆ ಅದಕ್ಕೂ ಪುಟಗಟ್ಟಲೆ ಸಾಕ್ಷಿ ಸಿಗುತ್ತದೆ. ಈ ಯಂತ್ರಕ್ಕೆ ಇಲ್ಲ ಎನ್ನುವುದು ಗೊತ್ತಿಲ್ಲ. ಯಾವ ಉತ್ತರ ಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಕೂತರೆ ಕೆಲಸ ಬೇಗ ಮುಗಿಯುತ್ತದೆ. ಹೆಚ್ಚಿನ ಬಳಕೆದಾರರು ಹಾಗೆಯೇ ಮಾಡುತ್ತಾರೆ.

ಮೊದಲ ಸುತ್ತಿನಲ್ಲಿ ಹಳೇ ಪರಿಚಯದವರೇ ಎದುರಾಗುತ್ತಾರೆ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯಿಂದ ಡಯಾಕ್ಸಿನ್ ಎಂಬ ವಿಷ ಇಳಿಯುತ್ತದೆ ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಹೇಳಿದೆ ಎನ್ನುವ ಸಂದೇಶ ಅವರಲ್ಲಿ ಹಿರಿಯ. ಆ ವಿಶ್ವವಿದ್ಯಾಲಯ ಹಾಗೆ ಹೇಳಿಯೇ ಇಲ್ಲ. ಅಲ್ಲಿಯ ವಿಜ್ಞಾನಿ ರೋಲ್ಫ್ ಹಾಲ್ಡನ್ 2004ರಲ್ಲೇ ಇದನ್ನು ಅಲ್ಲಗಳೆದರು: ಬಾಟಲಿಯಲ್ಲಿ ಡಯಾಕ್ಸಿನ್ ಇರುವುದಿಲ್ಲ, ಅದಿರಲಿ, ತಣ್ಣಗಾದಷ್ಟೂ ರಾಸಾಯನಿಕಗಳ ಓಡಾಟ ಕಡಿಮೆಯಾಗುತ್ತದೆ. ಅಂದರೆ ಫ್ರೀಜರು ಬಾಟಲಿಗೆ ಇರುವ ಜಾಗಗಳಲ್ಲೆಲ್ಲ ನಿರುಪದ್ರವಿ ಜಾಗ. ಅವರು ಹೇಳಿ ಇಪ್ಪತ್ತು ವರ್ಷ ದಾಟಿತು. ಸಂದೇಶ ಮಾತ್ರ ಗಟ್ಟಿಮುಟ್ಟಾಗಿದೆ, ಈಗ ಕನ್ನಡವನ್ನೂ ಕಲಿತಿದೆ.

ಇಷ್ಟಕ್ಕೇ ಮೊಬೈಲು ಕೆಳಗಿಟ್ಟು ‘ಎಲ್ಲಾ ಸುಳ್ಳು’ ಎಂದು ಮಲಗುವವರಿದ್ದಾರೆ. ಅದು ಇನ್ನೊಂದು ಬಗೆಯ ತಪ್ಪು ಬಳಕೆ. ಸಂದೇಶ ಸುಳ್ಳಾದ ಮಾತ್ರಕ್ಕೆ ವಿಷಯ ಸುಳ್ಳಾಗುವುದಿಲ್ಲ. ಏಳಿ, ದೀಪ ಹಾಕಿ.

ಬಾಟಲಿಯನ್ನು ತಲೆಕೆಳಗು ಮಾಡುವುದು

ಇದು ಕೈಪಿಡಿಯ ಮುಖ್ಯ ಹಂತ. ಆದ್ದರಿಂದಲೇ ಯಾರೂ ಇದನ್ನು ಮಾಡುವುದಿಲ್ಲ. ನೀರು ಚೆಲ್ಲಿ, ಮುಚ್ಚಳ ಹಾಕಿ, ಬಾಟಲಿಯ ತಳವನ್ನು ಬೆಳಕಿಗೆ ಹಿಡಿಯಿರಿ. ಮೂರು ಬಾಣಗಳ ತ್ರಿಕೋನ, ಅದರ ನಡುವೆ ಒಂದು ಅಂಕಿ ಕಾಣುತ್ತದೆ. ಕನ್ನಡಕ ಬೇಕಾಗಬಹುದು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ತಯಾರಕರ ಸಂಘ ಈ ಗುರುತನ್ನು ಚಾಲ್ತಿಗೆ ತಂದದ್ದು ಗುಜರಿಯಲ್ಲಿ ಪ್ಲಾಸ್ಟಿಕ್ಕನ್ನು ಜಾತಿವಾರು ವಿಂಗಡಿಸಲಿ ಎಂದು. ನಿಮ್ಮ ಆರೋಗ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ದೊಡ್ಡ ಅಂಕಿ ಬಂದರೆ ದೊಡ್ಡ ವಿಷ ಎಂದು ಓದಬೇಡಿ. 5 ಎಂದರೆ ಪಾಲಿಪ್ರೊಪಿಲೀನ್, ಊಟದ ಡಬ್ಬಿಯ ಸಾಧು ಪ್ಲಾಸ್ಟಿಕ್. 3 ಎಂದರೆ ಪಿವಿಸಿ, ಅದಕ್ಕೆ ಬೇರೆಯದೇ ತಕರಾರುಗಳಿವೆ.

ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ಲೀಟರಿನ ಬಾಟಲಿಯ ತಳದಲ್ಲಿ ಇರುವುದು 1. ಅದು ಪೆಟ್ ಬಾಟಲಿ. ಡುಪಾಂಟ್ ಕಂಪನಿಯ ನಥಾನಿಯಲ್ ವೈಯೆತ್ 1973ರಲ್ಲಿ ಪೇಟೆಂಟ್ ಪಡೆದದ್ದು. ಜಗತ್ತು ಮೂವತ್ತು ವರ್ಷಗಳಿಂದ ಜಗಳವಾಡುತ್ತಿರುವ ಬಿಸ್ಫೆನಾಲ್-ಎ, ಅಂದರೆ ಬಿಪಿಎ, ಈ ಪ್ಲಾಸ್ಟಿಕ್ಕಿನ ತಯಾರಿಕೆಯಲ್ಲಿ ಬರುವುದೇ ಇಲ್ಲ. ಇದರ ಮೇಲಿರುವ ದೂರುಗಳು ಬೇರೆ: ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಬಿಸಿಲಿಗೆ ತುಸು ಇಳಿಯುತ್ತದೆ ಎನ್ನುವುದು ಒಂದು, ಮತ್ತು 2024ರ ಆರಂಭದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದ್ದು ಇನ್ನೊಂದು. ಅದಕ್ಕೆ ಬೇರೆ ಕೈಪಿಡಿ ಕೊಳ್ಳಬೇಕಾಗುತ್ತದೆ.

ಬಿಪಿಎ ಇರುವುದು ಪಾಲಿಕಾರ್ಬೊನೇಟಿನಲ್ಲಿ. ಗಾಜಿನಷ್ಟು ತಿಳಿ, ಕೆಡವಿದರೂ ಒಡೆಯದ, ಉಗುರಿನಿಂದ ತಟ್ಟಿದರೆ ಟಣ್ಣೆನ್ನುವ ಗಟ್ಟಿ ಪ್ಲಾಸ್ಟಿಕ್. ಮನೆಯಲ್ಲಿ ಅದನ್ನು ಎಲ್ಲಿ ಹುಡುಕುವುದು ಎಂದರೆ, ನೀರಿನ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ಕೂತಿರುವ ಇಪ್ಪತ್ತು ಲೀಟರಿನ ನೀಲಿ ಕ್ಯಾನನ್ನು ನೋಡಿ. ಈಗೀಗ ಪೆಟ್ ಕ್ಯಾನುಗಳೂ ಬಂದಿವೆಯಾದರೂ ಹಳೆಯ ಗಟ್ಟಿ ಕ್ಯಾನುಗಳು ಪಾಲಿಕಾರ್ಬೊನೇಟಿನವು. ತಳದ ಅಂಕಿ 7. ಆದರೆ 7 ಎಂದರೆ ‘ಇತರೆ’ ಎಂದಷ್ಟೇ ಅರ್ಥ. ಮೊದಲ ಆರರಲ್ಲಿ ಸೇರದ್ದನ್ನೆಲ್ಲ ಅಲ್ಲಿ ತುಂಬಿದ್ದಾರೆ. ಸರ್ಕಾರಿ ಅರ್ಜಿಯ ಕೊನೆಯ ಕಲಂ ನೋಡಿದವರಿಗೆ ಇದು ಹೊಸದೇನಲ್ಲ.

ಎಚ್ಚರಿಕೆ: ಈ ಹಂತದಲ್ಲಿ ಬಳಕೆದಾರರು ಪೆಟ್ ಬಾಟಲಿಗಳನ್ನೆಲ್ಲ ಬಿಸಾಡಿ, ನೀಲಿ ಕ್ಯಾನಿನಿಂದ ಒಂದು ಲೋಟ ನೀರು ಹಿಡಿದು ಕುಡಿದು ನಿರಾಳವಾಗುವುದುಂಟು.

ಭಾಗಗಳ ಪರಿಚಯ

ಬಿಪಿಎ ಇಂದಿನದಲ್ಲ. 1891ರಲ್ಲಿ ರಷ್ಯಾದ ಅಲೆಕ್ಸಾಂಡರ್ ದಿಯಾನಿನ್ ಮೊದಲು ಅದನ್ನು ತಯಾರಿಸಿದರು. ಎರಡು ಫೀನಾಲ್ ಅಣುಗಳನ್ನು ಒಂದು ಅಸಿಟೋನ್ ಜೊತೆ ಕೂಡಿಸಿದರೆ ಆಯಿತು. ಯಾರಿಗೂ ಬೇಡವಾಗಿ ಬಿದ್ದಿದ್ದ ಅದನ್ನು 1936ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಕೈಗೆತ್ತಿಕೊಂಡರು. ಹೆಂಗಸರ ಹಾರ್ಮೋನಾದ ಈಸ್ಟ್ರೊಜೆನ್ ಮಾಡುವ ಕೆಲಸವನ್ನೇ ಮಾಡುವ ಅಗ್ಗದ ರಾಸಾಯನಿಕವೊಂದು ಅವರಿಗೆ ಔಷಧಿಗಾಗಿ ಬೇಕಿತ್ತು. ಬಿಪಿಎ ಆ ಕೆಲಸ ಮಾಡಿತು, ಆದರೆ ದುರ್ಬಲವಾಗಿ. ಎರಡು ವರ್ಷದಲ್ಲಿ ಅವರಿಗೆ ಡಿಇಎಸ್ ಎಂಬ ಇನ್ನೂ ಬಲವಾದ ರಾಸಾಯನಿಕ ಸಿಕ್ಕಿತು. ಡಿಇಎಸ್ ಅನ್ನು ದಶಕಗಳ ಕಾಲ ಗರ್ಭಿಣಿಯರಿಗೆ ಕೊಟ್ಟರು. ಅವರಿಗೆ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡು 1971ರಲ್ಲಿ ಅಮೆರಿಕ ಅದನ್ನು ಗರ್ಭಿಣಿಯರಿಗೆ ಕೊಡಬೇಡಿ ಎಂದಿತು.

ಔಷಧಿಯಾಗಲು ಹೋಗಿ ಸೋತ ಬಿಪಿಎಗೆ ಬೇರೆ ನೌಕರಿ ಸಿಕ್ಕಿತು. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಅದರಿಂದ ಪಾಲಿಕಾರ್ಬೊನೇಟ್ ಮಾಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಕೂಡ ಮಾಡಿದರು. ಅಲ್ಲಿಂದ ಮುಂದೆ ಅದು ಹಾಲಿನ ಬಾಟಲಿಯಾಯಿತು, ಕ್ಯಾನಾಯಿತು, ಎಪಾಕ್ಸಿ ರೂಪದಲ್ಲಿ ತಗಡಿನ ಡಬ್ಬಿಗಳ ಒಳಲೇಪವಾಯಿತು. ಈ ವಸ್ತು ಹಾರ್ಮೋನಿನಂತೆ ನಡೆದುಕೊಳ್ಳುತ್ತದೆ ಎನ್ನುವುದು ಪಾಲಿಕಾರ್ಬೊನೇಟ್ ಹುಟ್ಟುವ ಹದಿನೇಳು ವರ್ಷ ಮೊದಲೇ ಅಚ್ಚಾಗಿತ್ತು. ಅಂತರ್ಜಾಲದಲ್ಲಿ ‘ಆಘಾತಕಾರಿ ಹೊಸ ಸಂಶೋಧನೆ’ ಎಂಬ ತಲೆಬರಹ ಕಂಡಾಗ ಇಸವಿ ನೋಡಿಕೊಳ್ಳಿ ಎಂದು ಹೇಳಲು ಇಷ್ಟು ಕಥೆ ಹೇಳಬೇಕಾಯಿತು.

ಮುಂದಿನದನ್ನು ಸಂಶೋಧಕರು ಹುಡುಕಿಕೊಂಡು ಹೋಗಿದ್ದಲ್ಲ, ಅದು ಅವರ ಕಾಲಿಗೆ ತೊಡರಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಫೆಲ್ಡ್‌ಮನ್ ತಂಡ ಯೀಸ್ಟಿನಲ್ಲಿ ಈಸ್ಟ್ರೊಜೆನ್ ಇದೆ ಎಂದು ಸಂಭ್ರಮಿಸುವುದರಲ್ಲಿತ್ತು. ಅದು ಬಂದದ್ದು ಯೀಸ್ಟಿನಿಂದಲ್ಲ, ಒತ್ತಡದ ಹಬೆಯಲ್ಲಿ ಬೇಯಿಸಿದ ಪಾಲಿಕಾರ್ಬೊನೇಟ್ ಫ್ಲಾಸ್ಕಿನಿಂದ ಎಂದು ಗೊತ್ತಾಗಿ 1993ರಲ್ಲಿ ಪ್ರಕಟಿಸಿದರು. 1998ರಲ್ಲಿ ಕ್ಲೀವ್‌ಲ್ಯಾಂಡಿನ ಪ್ರಯೋಗಾಲಯದಲ್ಲಿ ಪೆಟ್ರೀಷಿಯಾ ಹಂಟ್ ಇಲಿಗಳ ಅಂಡಾಣುಗಳನ್ನು ನೋಡುತ್ತಿದ್ದರು. ಎಂದೂ ಒಂದೆರಡು ಶೇಕಡಾ ಇರುತ್ತಿದ್ದ ದೋಷ ಇದ್ದಕ್ಕಿದ್ದಂತೆ ಶೇ 40ಕ್ಕೆ ಏರಿತು. ಇಲಿಗಳನ್ನು ಅನುಮಾನಿಸಿದರು, ಆಹಾರವನ್ನು ಅನುಮಾನಿಸಿದರು. ಕೊನೆಗೆ ಸಿಕ್ಕಿದ್ದು ಸೋಪು. ಬದಲಿಗೆ ಬಂದ ಕೆಲಸಗಾರರೊಬ್ಬರು ನೆಲ ತೊಳೆಯುವ ಕ್ಷಾರದ ದ್ರಾವಣದಲ್ಲಿ ಪಂಜರಗಳನ್ನೂ ನೀರಿನ ಬಾಟಲಿಗಳನ್ನೂ ತೊಳೆದಿದ್ದರು. ಪಾಲಿಕಾರ್ಬೊನೇಟ್ ಹಾಳಾಗಿ ಬಿಪಿಎ ಇಳಿದಿತ್ತು. ಆ ಪ್ರಬಂಧ 2003ರಲ್ಲಿ ಬಂತು. ಗುಡ್ಡ ಅಗೆದು ಇಲಿ ಹಿಡಿಯುವುದು ನಮ್ಮ ಗಾದೆ. ಇಲ್ಲಿ ಇಲಿ ಅಗೆದು ಗುಡ್ಡ ಸಿಕ್ಕಿತು.

ಅಳತೆಗಳು

ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ನ್ಯಾನೊಗ್ರಾಂ ಎಂದರೆ ಆ ಮೈಕ್ರೊಗ್ರಾಮಿನ ಸಾವಿರದಲ್ಲೊಂದು ಪಾಲು. ಇವೆರಡನ್ನು ಬೆರೆಸಿಕೊಂಡರೆ ನೀವು ಓದುವುದೆಲ್ಲ ಸಾವಿರ ಪಟ್ಟು ತಪ್ಪಾಗುತ್ತದೆ. ಅಂತರ್ಜಾಲದಲ್ಲಿ ಬರೆಯುವವರು ಬೆರೆಸಿಕೊಂಡೇ ಇರುತ್ತಾರೆ.

ನಿಮ್ಮ ತೂಕ 60 ಕಿಲೋ ಎಂದುಕೊಳ್ಳಿ (ಮನೆಯ ತೂಕದ ಯಂತ್ರ ಬೇರೆ ಹೇಳಬಹುದು). ದಿನಕ್ಕೆ ಎಷ್ಟು ಬಿಪಿಎ ಒಳಗೆ ಹೋದರೆ ಚಿಂತೆಯಿಲ್ಲ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಇಟ್ಟ ಲೆಕ್ಕದಂತೆ ಕಿಲೋಗೆ 50 ಮೈಕ್ರೊಗ್ರಾಂ, ಅಂದರೆ ನಿಮಗೆ 3 ಮಿಲಿಗ್ರಾಂ. ಇಟಲಿಯ ಪಾರ್ಮಾದಲ್ಲಿ ಕೂತಿರುವ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅದನ್ನು ಕಿಲೋಗೆ 4 ಮೈಕ್ರೊಗ್ರಾಮಿಗೆ ಇಳಿಸಿತು. ನಿಮಗೆ 240 ಮೈಕ್ರೊಗ್ರಾಂ. 2023ರ ಏಪ್ರಿಲ್‌ನಲ್ಲಿ ಅದೇ ಪ್ರಾಧಿಕಾರ, ಇಲಿಗಳ ರೋಗನಿರೋಧಕ ಜೀವಕೋಶಗಳಲ್ಲಿ ಕಂಡ ಬದಲಾವಣೆಯನ್ನು ಆಧಾರವಾಗಿಟ್ಟುಕೊಂಡು, ಕಿಲೋಗೆ 0.2 ನ್ಯಾನೊಗ್ರಾಂ ಎಂದಿತು. ಒಂದೇ ಕಚೇರಿ, ಎಂಟು ವರ್ಷ, ಇಪ್ಪತ್ತು ಸಾವಿರ ಪಟ್ಟು ಇಳಿತ. ಈಗ ನಿಮ್ಮ ಪಾಲು 12 ನ್ಯಾನೊಗ್ರಾಂ; ಅಡುಗೆ ಉಪ್ಪಿನ ಒಂದು ಹರಳನ್ನು ಸಾವಿರಾರು ಚೂರು ಮಾಡಿ ಒಂದು ಚೂರು ತಿಂದಂತೆ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆ ಇದನ್ನು ಒಪ್ಪದೆ ಕಿಲೋಗೆ 200 ನ್ಯಾನೊಗ್ರಾಂ ಸಾಕು ಎಂದಿತು. ಐರೋಪ್ಯ ಔಷಧ ಸಂಸ್ಥೆಯೂ ಭಿನ್ನಮತ ಬರೆಯಿತು: ಇಲಿಯ ಜೀವಕೋಶದ ಎಣಿಕೆ ಬದಲಾದದ್ದು ರೋಗವಲ್ಲ ಎಂದು.

ಮೂರು ಮಿಲಿಗ್ರಾಮಿಗೂ ಹನ್ನೆರಡು ನ್ಯಾನೊಗ್ರಾಮಿಗೂ ನಡುವೆ ಎರಡೂವರೆ ಲಕ್ಷ ಪಟ್ಟು ಅಂತರ. ಇವರೆಲ್ಲ ಓದಿಕೊಂಡವರು, ಪ್ರಯೋಗಾಲಯ ಇರುವವರು, ಸಂಬಳ ಪಡೆದು ಹಗಲು ಹೊತ್ತಿನಲ್ಲಿ ಇದನ್ನೇ ಮಾಡುವವರು. ರಾತ್ರಿ ಒಂದೂವರೆಗೆ, ಶೇ 9 ಬ್ಯಾಟರಿ ಉಳಿದ ಮೊಬೈಲಿನಲ್ಲಿ ನೀವು ಇದನ್ನು ಬಗೆಹರಿಸುತ್ತೀರಿ ಎಂದು ಹೊರಟಿದ್ದೀರಿ. ಶುಭವಾಗಲಿ.

ಜಗಳ ಇಷ್ಟು ದೊಡ್ಡದಾಗಲು ಕಾರಣವಿದೆ. ವಿಷವಾದರೆ ಪ್ರಮಾಣ ಹೆಚ್ಚಿದಷ್ಟೂ ಕೇಡು ಹೆಚ್ಚು ಎಂಬ ಹಳೆಯ ಲೆಕ್ಕವಿದೆ. ಹಾರ್ಮೋನುಗಳು ಮೈಯಲ್ಲಿ ಅತ್ಯಲ್ಪ ಪ್ರಮಾಣದಲ್ಲೇ ಕೆಲಸ ಮಾಡುವಂಥವು; ಹಾಗಾಗಿ ಅವುಗಳ ವೇಷ ಹಾಕಿದ ರಾಸಾಯನಿಕ ಕಡಿಮೆ ಪ್ರಮಾಣದಲ್ಲಿ ಮಾಡುವುದನ್ನು ಹೆಚ್ಚು ಪ್ರಮಾಣದಲ್ಲಿ ಮಾಡದೆಯೂ ಇರಬಹುದು ಎನ್ನುವುದು ಮಿಸೌರಿ ವಿಶ್ವವಿದ್ಯಾಲಯದ ಫ್ರೆಡರಿಕ್ ವೊಮ್ ಸಾಲ್ ಮತ್ತಿತರರ ವಾದ. ಸರಿಯೆಂದಾದರೆ ಹಳೆಯ ಪರೀಕ್ಷಾ ಕ್ರಮವೇ ಅಲುಗಾಡುತ್ತದೆ. ಯಾರಿಗೆ ತಾನೇ ಬೇಕು?

ಹಣದ ತಂತಿ ಎಲ್ಲಿಗೆ ಜೋಡಿಸಿದೆ ನೋಡುವುದು

ವೊಮ್ ಸಾಲ್ ಮತ್ತು ಕ್ಲಾಡ್ ಹ್ಯೂಸ್ 2005ರಲ್ಲಿ, ಪ್ರಾಣಿಗಳ ಮೇಲೆ ಕಡಿಮೆ ಪ್ರಮಾಣದ ಬಿಪಿಎ ಪ್ರಯೋಗಿಸಿದ 115 ಅಧ್ಯಯನಗಳನ್ನು ಗುಡ್ಡೆ ಹಾಕಿ ಎಣಿಸಿದರು. ಸರ್ಕಾರದ ದುಡ್ಡಿನಲ್ಲಿ ನಡೆದ 104ರಲ್ಲಿ 94ಕ್ಕೆ ಪರಿಣಾಮ ಕಂಡಿತ್ತು. ಉದ್ಯಮದ ದುಡ್ಡಿನಲ್ಲಿ ನಡೆದ 11ರಲ್ಲಿ ಒಂದಕ್ಕೂ ಕಂಡಿರಲಿಲ್ಲ. ಈ ಎರಡು ಅಂಕಿ ಸಿಕ್ಕ ತಕ್ಷಣ ಬಳಕೆದಾರರು ತೊಡೆ ತಟ್ಟಿ ಏಳುತ್ತಾರೆ. ತುಸು ಕೂರಿ. ಎರಡೂ ಕಡೆಯವರು ಒಂದೇ ಇಲಿಗಳನ್ನು ನೋಡಲಿ ಎಂದು ಅಮೆರಿಕ ಸರ್ಕಾರವೇ ಕ್ಲಾರಿಟಿ ಎಂಬ ಹೆಸರಿನ ದೊಡ್ಡ ಯೋಜನೆ ಮಾಡಿತು. ಅರ್ಕನ್ಸಾಸ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ಸಾಕಿದ ಇಲಿಗಳ ಅಂಗಾಂಗಗಳನ್ನು ಹಲವು ವಿಶ್ವವಿದ್ಯಾಲಯಗಳಿಗೂ ಹಂಚಲಾಯಿತು. 2018ರಲ್ಲಿ ಸರ್ಕಾರಿ ವಿಜ್ಞಾನಿಗಳು ಹೇಳಿಕೊಳ್ಳುವಂಥ ಪರಿಣಾಮವಿಲ್ಲ ಎಂದರು. ಅವೇ ಇಲಿಗಳನ್ನು ನೋಡಿದ ವಿಶ್ವವಿದ್ಯಾಲಯದವರಲ್ಲಿ ಹಲವರು ಪರಿಣಾಮ ಇದೆ ಎಂದರು. ಯೋಜನೆಯ ಹೆಸರು ಮಾತ್ರ ಸ್ಪಷ್ಟವಾಗಿತ್ತು.

ಇದೇ ಅಮೆರಿಕ 2012ರಲ್ಲಿ ಹಾಲಿನ ಬಾಟಲಿಗಳಲ್ಲಿ ಬಿಪಿಎ ನಿಷೇಧಿಸಿತು ಎಂದು ಓದಿದಾಗ ಅರ್ಜಿ ಹಾಕಿದ್ದು ಯಾರು ಎಂದೂ ಓದಿ. ರಾಸಾಯನಿಕ ಉದ್ಯಮದ ಸಂಘವೇ. ತಾಯಂದಿರು ಕೊಳ್ಳುವುದನ್ನು ಬಿಟ್ಟಿದ್ದರು, ಕಂಪನಿಗಳು ಬಳಸುವುದನ್ನು ಬಿಟ್ಟಿದ್ದವು. ಯಾರೂ ಮಾಡದ್ದನ್ನು ನಿಷೇಧಿಸಿ, ಜನರ ಗೊಂದಲ ತೀರಲಿ ಎಂದು ಉದ್ಯಮ ಕೇಳಿಕೊಂಡಿತು. ಸುರಕ್ಷತೆಯ ಕಾರಣಕ್ಕಲ್ಲ ಎಂದು ಸರ್ಕಾರವೂ ಸೇರಿಸಿತು. ಕೆನಡಾ 2010ರಲ್ಲಿ ಬಿಪಿಎಯನ್ನು ವಿಷಕಾರಿ ಪಟ್ಟಿಗೆ ಸೇರಿಸಿತ್ತು. ಯುರೋಪು ಹಾಲಿನ ಬಾಟಲಿಯಿಂದ 2011ರಲ್ಲಿ ತೆಗೆಯಿತು, ಆಹಾರ ತಾಗುವ ಬಹುತೇಕ ವಸ್ತುಗಳಿಗೆ ನಿಷೇಧ 2025ರ ಜನವರಿಯಲ್ಲಿ ಜಾರಿಗೆ ಬಂತು, ಹಂತಹಂತವಾಗಿ. ನಮ್ಮಲ್ಲಿ ಹಾಲಿನ ಬಾಟಲಿಯ ಜಾಹೀರಾತನ್ನೇ 1992ರ ಕಾಯಿದೆ ನಿಷೇಧಿಸಿದೆ. ಆ ಬಾಟಲಿಗಳಲ್ಲಿ ಬಿಪಿಎ ಇರಕೂಡದು ಎಂದು ದೇಶದ ಮಾನಕ ಸಂಸ್ಥೆಯಾದ ಬಿಐಎಸ್ 2015ರ ಮಾನದಂಡದಲ್ಲಿ ಸೇರಿಸಿತು.

ತೊಂದರೆ ಮತ್ತು ಪರಿಹಾರ

*ತೊಂದರೆ: ಶೇ 93 ಜನರ ಮೂತ್ರದಲ್ಲಿ ಬಿಪಿಎ ಎಂದು ಓದಿ ಕೈಕಾಲು ತಣ್ಣಗಾಗಿದೆ.* ಅಂಕಿ ನಿಜ. 2003–04ರಲ್ಲಿ ಅಮೆರಿಕದಲ್ಲಿ 2,517 ಜನರನ್ನು ಪರೀಕ್ಷಿಸಿದಾಗ ಬಂದದ್ದು. ಹೆದರಿಸುವವರು ‘ಎಲ್ಲರ ಮೈಯಲ್ಲೂ ಇದೆ’ ಎನ್ನುತ್ತಾರೆ. ಸಮಾಧಾನ ಹೇಳುವವರು ‘ಮೂತ್ರದಲ್ಲಿದೆ ಎಂದರೆ ಹೊರಗೆ ಹೋಗುತ್ತಿದೆ’ ಎನ್ನುತ್ತಾರೆ. ಇಬ್ಬರೂ ಸರಿ. ಯಕೃತ್ತು ಅದನ್ನು ಒಂದು ದಿನದೊಳಗೆ ಬಹುಪಾಲು ದಾಟಿಸಿಬಿಡುತ್ತದೆ. ಆದರೂ ಎಲ್ಲರಲ್ಲೂ ಸಿಗುತ್ತದೆಂದರೆ ದಿನವೂ ಒಳಗೆ ಬರುತ್ತಿದೆ ಎಂದೇ.

*ತೊಂದರೆ: ಬಾಟಲಿ ಹಳೆಯದು, ಗೀರು ಬಿದ್ದಿದೆ.* ಹಳತೋ ಹೊಸತೋ ಎನ್ನುವುದಕ್ಕಿಂತ ಬಿಸಿಯೋ ತಣ್ಣಗೋ ಎನ್ನುವುದು ಮುಖ್ಯ. ಸಿನ್ಸಿನಾಟಿಯ ಸ್ಕಾಟ್ ಬೆಲ್ಚರ್ 2008ರಲ್ಲಿ ಹೊಸ ಹಾಗೂ ವರ್ಷಗಟ್ಟಲೆ ಬಳಸಿದ ಪಾಲಿಕಾರ್ಬೊನೇಟ್ ಬಾಟಲಿಗಳನ್ನು ಪರೀಕ್ಷಿಸಿದರು. ತಣ್ಣೀರಿಗೆ ಎರಡೂ ಒಂದೇ. ಕುದಿಯುವ ನೀರು ಹಾಕಿದಾಗ ಬಿಪಿಎ 55 ಪಟ್ಟಿನವರೆಗೆ ವೇಗವಾಗಿ ಇಳಿಯಿತು.

*ತೊಂದರೆ: ಹಾಗಾದರೆ ತಣ್ಣೀರಿಗೆ ಚಿಂತೆಯಿಲ್ಲ ತಾನೆ?* 2009ರಲ್ಲಿ ಹಾರ್ವರ್ಡಿನಲ್ಲಿ 77 ವಿದ್ಯಾರ್ಥಿಗಳು ಒಂದು ವಾರ ಪಾಲಿಕಾರ್ಬೊನೇಟ್ ಬಾಟಲಿಯಲ್ಲಿ ತಣ್ಣನೆಯದನ್ನೇ ಕುಡಿದರು. ಮೂತ್ರದ ಬಿಪಿಎ ಮೂರನೇ ಎರಡು ಪಾಲು ಏರಿತು. ಏರಿದ್ದು ಅಪಾಯದ ಮಟ್ಟವೇ ಎಂದು ಕೇಳಿದರೆ ಮೇಲಿನ ‘ಅಳತೆಗಳು’ ಭಾಗಕ್ಕೆ ಹೋಗಿ, ನಿಮಗೆ ಇಷ್ಟವಾದ ದೇಶವನ್ನು ಆರಿಸಿಕೊಳ್ಳಿ.

*ತೊಂದರೆ: ಪಕ್ಕದಲ್ಲಿ ಮಲಗಿದವರು ‘ಸಾಕು ಮಲಗ್ರೀ, ಬೆಳಿಗ್ಗೆ ಕ್ಯಾನ್ ಹುಡುಗ ಬರ್ತಾನೆ’ ಎನ್ನುತ್ತಿದ್ದಾರೆ.* ಇದಕ್ಕೆ ಪರಿಹಾರ ಕೈಪಿಡಿಯಲ್ಲಿಲ್ಲ. ಬಂದ ಹುಡುಗನನ್ನು ಕ್ಯಾನುಗಳು ಎಷ್ಟು ಹೊತ್ತು ಟೆಂಪೋದ ಮೇಲೆ ಬಿಸಿಲಲ್ಲಿ ಇರುತ್ತವೆ, ತೊಳೆಯುವುದು ಯಾವುದರಲ್ಲಿ ಎಂದು ಕೇಳಿ. ಹಂಟ್ ಅವರ ಇಲಿಗಳ ಕಥೆ ಓದಿದವರಿಗೆ ಎರಡನೇ ಪ್ರಶ್ನೆ ಏಕೆಂದು ಗೊತ್ತು. ಸೀಲು, ತಾರೀಖು, ಬಿಐಎಸ್ ಗುರುತು ಇದೆಯೇ ಎಂದೂ ನೋಡಿ. 2024ರ ಕೊನೆಯಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಪ್ಯಾಕ್ ಮಾಡಿದ ನೀರನ್ನು ಹೆಚ್ಚು ಅಪಾಯದ ಆಹಾರಗಳ ಸಾಲಿಗೆ ಸೇರಿಸಿದೆ. ಕ್ಯಾನಿನ ನೀರಿನಿಂದ ಈ ವಾರವೇ ಹೊಟ್ಟೆ ಕೆಡಬಹುದಾದದ್ದು ಬ್ಯಾಕ್ಟೀರಿಯಾದಿಂದ. ಹುಡುಕುವ ಪಟ್ಟಿಯಲ್ಲಿ ಅದನ್ನು ಯಾರೂ ಟೈಪ್ ಮಾಡುವುದಿಲ್ಲ.

ಬಿಸಿಯ ಮಾತು ಬಂದದ್ದರಿಂದ ಕೈಪಿಡಿಯ ವ್ಯಾಪ್ತಿ ಮೀರಿ ಒಂದು ಮಾತು. ಬಾಟಲಿಯ ತಳದ ಅಂಕಿ ಓದುವ ಮನೆಗೇ ಸಂಜೆ ಕುದಿಯುವ ಸಾಂಬಾರು ತೆಳು ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಬಿಗಿದು ಬರುತ್ತದೆ. 2025ರ ಫೆಬ್ರುವರಿಯಲ್ಲಿ, ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದ ಹೋಟೆಲುಗಳು ಸಿಕ್ಕಿಬಿದ್ದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಬೇಕಾಯಿತು. ಆ ಹಾಳೆ, ಆ ಕವರು ಪಾಲಿಕಾರ್ಬೊನೇಟ್ ಅಲ್ಲ, ಅದಕ್ಕೆ ಬಿಪಿಎಯ ಜಗಳ ಅಂಟುವುದಿಲ್ಲ. ಅಂಕಿಯೇ ಇಲ್ಲದ ಅವುಗಳಲ್ಲಿ ಏನೇನು ಬೆರೆಸಿದ್ದಾರೆ ಎಂಬುದನ್ನು ತಳ ತಿರುಗಿಸಿ ಓದುವ ಉಪಾಯವೂ ಇಲ್ಲ. ನನ್ನನ್ನು ಕೇಳಿದರೆ, ತಣ್ಣೀರಿನ ಬಾಟಲಿ ಬಿಸಾಡುವ ಮೊದಲು ಹೋಟೆಲಿಗೆ ಸ್ಟೀಲ್ ಕ್ಯಾರಿಯರ್ ಒಯ್ಯುವುದು ಮೇಲು. ಅದಕ್ಕೆ ಯಾವ ಹುಡುಕಾಟವೂ ಬೇಡ, ಸಂಕೋಚ ಬಿಟ್ಟರೆ ಸಾಕು.

ಬಿಡಿಭಾಗಗಳು

‘ಬಿಪಿಎ ಮುಕ್ತ’ ಎಂದು ಬರೆದ ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ. ಅದರಲ್ಲಿ ಏನಿಲ್ಲ ಎನ್ನುವುದನ್ನು ಮಾತ್ರ ಬರೆದಿರುತ್ತಾರೆ. ಹಲವು ಕಡೆ ಬಿಪಿಎ ಬಿಟ್ಟು ಅದರ ದಾಯಾದಿಗಳಾದ ಬಿಸ್ಫೆನಾಲ್-ಎಸ್, ಬಿಸ್ಫೆನಾಲ್-ಎಫ್‌ಗಳನ್ನು ತಂದರು. ಪೆಟ್ರೀಷಿಯಾ ಹಂಟ್ ಪಾಲಿಕಾರ್ಬೊನೇಟ್ ಸಹವಾಸವೇ ಬೇಡವೆಂದು ಪಾಲಿಸಲ್ಫೋನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಪಂಜರಗಳಿಗೆ ಬದಲಾಗಿದ್ದರು. ಇಪ್ಪತ್ತು ವರ್ಷಗಳ ಬಳಿಕ ಅಲ್ಲೂ ಇಲಿಗಳ ಲೆಕ್ಕ ತಪ್ಪತೊಡಗಿತು. ಕೆಲವು ಪಂಜರಗಳು ಹಾಳಾಗಿದ್ದವು, ಇಳಿದಿದ್ದು ಬಿಸ್ಫೆನಾಲ್-ಎಸ್. 2018ರಲ್ಲಿ ಅದನ್ನೂ ಪ್ರಕಟಿಸಿದರು.

ವಾರಂಟಿ

ಕೊನೆಗೆ ಎಲ್ಲರೂ ಸ್ಟೀಲ್ ಬಾಟಲಿ ಕೊಳ್ಳುತ್ತಾರೆ. ಒಳ್ಳೆಯದು. ಮುಚ್ಚಳ ಪ್ಲಾಸ್ಟಿಕ್ಕಿನದು, ಅದನ್ನು ಈಗ ತಲೆಗೆ ಹಚ್ಚಿಕೊಳ್ಳಬೇಡಿ. ಬಾಟಲಿಗೆ ಒಂದು ವರ್ಷದ ವಾರಂಟಿ ಇದೆ, ಮೂಲ ಬಿಲ್ಲು ತೋರಿಸಿದರೆ ಮಾತ್ರ. ಅಂಗಡಿಯ ಯಂತ್ರ ಸರ್ರನೆ ಉಗುಳುವ ಆ ನುಣುಪು ಬಿಲ್ಲಿನ ಕಾಗದದಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗಲಿ ಎಂದು ಅದಕ್ಕೆ ರಾಸಾಯನಿಕ ಲೇಪಿಸಿರುತ್ತಾರೆ. ಹಲವು ವರ್ಷ ಆ ರಾಸಾಯನಿಕ ಬಿಪಿಎಯೇ ಆಗಿತ್ತು, ಪ್ಲಾಸ್ಟಿಕ್ಕಿನೊಳಗೆ ಕಟ್ಟಿಹಾಕಿದ್ದಲ್ಲ, ಬಿಡಿಯಾದದ್ದು, ಬೆರಳಿಗೆ ಹತ್ತುವಂಥದ್ದು. ಯುರೋಪು 2020ರಿಂದ ಅದನ್ನು ಬಿಲ್ಲಿನ ಕಾಗದದಲ್ಲಿ ಶೇ 0.02ರ ಒಳಗೆ ಕಟ್ಟಿಹಾಕಿದೆ. ಅಲ್ಲಿಯೂ ಬದಲಿಗೆ ಬಂದದ್ದು ಹೆಚ್ಚಾಗಿ ಬಿಸ್ಫೆನಾಲ್-ಎಸ್. ಬಿಲ್ಲನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಮನೆಗೆ ತನ್ನಿ, ಕೈ ತೊಳೆಯಿರಿ. ಬಿಸಿಲಿಗೆ ಅಕ್ಷರ ಅಳಿಸಿಹೋಗುವುದರಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಫೋಟೊವನ್ನು ಅಂಗಡಿಯವರು ಒಪ್ಪುವುದಿಲ್ಲ.